ಪೂಲ್ ಅಪ್‌ಡೇಟ್: ಫೋರ್ಸ್ ಲಾಗಾಫ್ ಒತ್ತುವ ಮೊದಲು ಇದನ್ನು ಓದು

ತಮ್ಮಾ, ಇವತ್ತಿನ ಪುಶ್, ಅಂದರೆ ಪೂಲ್‌ಗೆ ಹೊಸ ಇಮೇಜ್ ಕಳಿಸುವುದನ್ನು, ಮೊದಲು ಕ್ಯಾನ್ಸಲ್ ಮಾಡು. ಆಮೇಲೆ ಉಳಿದದ್ದು ಓದು.

ನಿನ್ನ ಸ್ಕ್ರೀನ್‌ಶಾಟ್ ನೋಡಿದೆ. ಬೀದರಿನ ನಿಮ್ಮ ಕಾಲೇಜಿನ ಹೊರೈಜನ್‌ನಲ್ಲಿ (ಸರ್ವರ್‌ನಿಂದ ಎಲ್ಲರಿಗೂ ಡೆಸ್ಕ್‌ಟಾಪ್ ಕೊಡುವ ಸಾಫ್ಟ್‌ವೇರ್) ಇನ್‌ಸ್ಟಂಟ್ ಕ್ಲೋನ್ ಪೂಲ್‌ಗೆ, ಅಂದರೆ ಒಂದೇ ಮೂಲ ಇಮೇಜ್‌ನಿಂದ ನಕಲಾದ ವರ್ಚುವಲ್ ಮಷೀನ್‌ಗಳ ಗುಂಪಿಗೆ, ಆ ಇಮೇಜ್‌ನ ಹೊಸ ಸ್ನ್ಯಾಪ್‌ಶಾಟ್, ಮಧ್ಯಾಹ್ನ 2 ಗಂಟೆಗೆ, ಅದೂ ಎಲ್ಲರನ್ನೂ ಬಲವಂತವಾಗಿ ಹೊರಹಾಕುವ ಫೋರ್ಸ್ ಲಾಗಾಫ್ ಹಾಕಿ. "ಊಟದ ಹೊತ್ತು, ಯಾರೂ ಇರಲ್ಲ" ಅಂತ ಬರೆದಿದ್ದೀಯ. ಇದೇ ಮಾತನ್ನು ನಾನೂ ಒಮ್ಮೆ ಹೇಳಿದ್ದೆ.

ಆಗ ಕಲಬುರಗಿಯ ಒಂದು ಆಸ್ಪತ್ರೆಯಲ್ಲಿ ಪೂಲ್ ನನ್ನ ಕೈಯಲ್ಲಿತ್ತು. ಊಟದ ಹೊತ್ತಿಗೆ ಕನ್ಸೋಲ್‌ನಲ್ಲಿ ಕನೆಕ್ಟೆಡ್ ಸೆಷನ್ ಹನ್ನೊಂದೇ ಇದ್ದವು. ಉಳಿದವೆಲ್ಲ ಡಿಸ್ಕನೆಕ್ಟೆಡ್. ಡಿಸ್ಕನೆಕ್ಟೆಡ್ ಅಂದರೆ ಖಾಲಿ ಅಂತ ತಿಳಿದುಬಿಟ್ಟೆ. ಖಾಲಿ ಇರಲಿಲ್ಲ. ಜನ ಕಿಟಕಿ ಮುಚ್ಚಿ ಊಟಕ್ಕೆ ಎದ್ದಿದ್ದರು, ಅಷ್ಟೇ. ಒಳಗೆ ಅರ್ಧ ಬರೆದ ಡಿಸ್ಚಾರ್ಜ್ ಸಮ್ಮರಿಗಳು ತೆರೆದೇ ಇದ್ದವು. ಐದು ನಿಮಿಷದ ಎಚ್ಚರಿಕೆ ಯಾರೂ ನೋಡದ ಪರದೆಗಳ ಮೇಲೆ ಬಂತು, ಹೋಯಿತು. ಮಷೀನ್‌ಗಳು ಅಳಿಸಿ ಹೊಸದಾಗಿ ಹುಟ್ಟಿದವು. ಬರೆದದ್ದೆಲ್ಲ ಹೋಯಿತು. ಜೇವರ್ಗಿ ಕಡೆಯ ಒಬ್ಬ ಅಜ್ಜಿ ಮನೆಗೆ ಹೋಗಬೇಕಿತ್ತು. ಕಾಗದ ತಯಾರಾಗದೆ ಸಂಜೆವರೆಗೆ ಬಿಲ್ಲಿಂಗ್ ಕೌಂಟರ್ ಮುಂದೆ ಕೂತಿದ್ದರು. ಅವರ ಮುಖ ಇನ್ನೂ ಕಣ್ಣ ಮುಂದಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆವತ್ತಿನಿಂದ ನಾನು ವೇಟ್ ಫಾರ್ ಲಾಗಾಫ್ ಬಿಟ್ಟು ಬೇರೇನೂ ಹಾಕಿಲ್ಲ. ಹೊಸ ಇಮೇಜ್ ಪಬ್ಲಿಷ್ ಆಗುವಾಗ ಜನ ಕೆಲಸ ಮಾಡುತ್ತಲೇ ಇರಬಹುದು. ಖಾಲಿ ಮಷೀನ್‌ಗಳು ಮೊದಲು ಬದಲಾಗುತ್ತವೆ. ಬಳಕೆಯಲ್ಲಿರುವುದು ಅವರು ಲಾಗಾಫ್ ಆದಮೇಲೆ ಬದಲಾಗುತ್ತದೆ. ಆದರೆ ಇಲ್ಲೂ ಡಿಸ್ಕನೆಕ್ಟೆಡ್ ಸೆಷನ್ನೇ ಕಾಡುತ್ತದೆ. ಪೂಲ್ ಸೆಟ್ಟಿಂಗ್‌ನಲ್ಲಿ ಡಿಸ್ಕನೆಕ್ಟ್ ಆದಮೇಲಿನ ಲಾಗಾಫ್ "ನೆವರ್" ಅಂತ ಇದ್ದರೆ ಆ ಸೆಷನ್ ವಾರಗಟ್ಟಲೆ ಕೂತಿರುತ್ತದೆ, ಪುಶ್ ಮುಗಿಯುವುದೇ ಇಲ್ಲ. "ಇಮ್ಮೀಡಿಯಟ್ಲಿ" ಹಾಕಿದರೆ ನೆಟ್‌ವರ್ಕ್ ಒಂದು ಕ್ಷಣ ಹೋದರೂ ಕೆಲಸ ಕಳೆಯುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ, ನಿನಗೆ ಗೊತ್ತಲ್ವಾ? ನಾನು 120 ನಿಮಿಷ ಇಟ್ಟೆ. ಊಟ, ಚಹಾ, ಒಂದು ಮೀಟಿಂಗ್, ಎಲ್ಲ ಅದರಲ್ಲಿ ಮುಗಿಯುತ್ತದೆ. ಕಾಲೇಜಿಗೆ 60 ಸಾಕು. ಆದರೆ ಪರೀಕ್ಷೆ ಅರ್ಜಿ ತುಂಬುವ ವಾರದಲ್ಲಿ ಹೆಚ್ಚಿಸು. ಮತ್ತೆ, ಈ ಬದಲಾವಣೆ ಪುಶ್ ದಿನವೇ ಮಾಡಬೇಡ. ಒಂದು ವಾರ ಮೊದಲೇ ಮಾಡಿ, ಜನರಿಗೆ ಹೇಳು.

ಇನ್ನು ನನ್ನ ಮರಿ ಪೂಲ್, ಮುಖ್ಯ ಪೂಲ್‌ಗೆ ಕಳಿಸುವ ಮೊದಲು ಹೊಸದನ್ನು ಬಳಸಿ ನೋಡುವುದಕ್ಕೆ. ಐದೇ ಮಷೀನ್, ಹೊಸ ಸ್ನ್ಯಾಪ್‌ಶಾಟ್ ಮೇಲೆ. ಅದನ್ನು ನಾನು ಪರೀಕ್ಷೆ ಮಾಡುವುದಿಲ್ಲ. ಬಿಲ್ಲಿಂಗ್‌ನವರು ಒಬ್ಬರು, ಲ್ಯಾಬ್‌ನವರು ಒಬ್ಬರು, ಅಕೌಂಟ್ಸ್‌ನವರು ಒಬ್ಬರು, ತಮ್ಮ ನಿಜವಾದ ಕೆಲಸವನ್ನು ಎರಡು ದಿನ ಅದರಲ್ಲೇ ಮಾಡಬೇಕು. ನಾವು ಐಟಿಯವರು ನೋಟ್‌ಪ್ಯಾಡ್ ತೆರೆದು "ಸರಿ ಇದೆ" ಅನ್ನುತ್ತೇವೆ. ಅವರು ಪ್ರಿಂಟ್ ಕೊಟ್ಟು ನೋಡುತ್ತಾರೆ. ಒಮ್ಮೆ ಅಪ್‌ಡೇಟ್ ಆದಮೇಲೆ ನುಡಿ ಫಾಂಟ್‌ಗಳು ಇಮೇಜ್‌ನಲ್ಲಿ ಇರಲಿಲ್ಲ. ಹಳೇ ಕನ್ನಡ ಪತ್ರಗಳೆಲ್ಲ ಅರ್ಥವಿಲ್ಲದ ಅಕ್ಷರಗಳಾಗಿ ಕಂಡವು. ಅದನ್ನು ಹಿಡಿದವರು ಅಕೌಂಟ್ಸ್‌ನ ಅಕ್ಕ. ಮುಖ್ಯ ಪೂಲ್‌ಗೆ ಹೋಗಿದ್ದರೆ ಇಡೀ ಕಚೇರಿ ನಿಲ್ಲುತ್ತಿತ್ತು. ಹೊರೈಜನ್‌ನ ಹೊಸ ಆವೃತ್ತಿಗಳಲ್ಲಿ ಸೆಕೆಂಡರಿ ಇಮೇಜ್ ಅಂತ ಇದೆ, ಅದೇ ಪೂಲ್‌ನ ಕೆಲವು ಮಷೀನ್‌ಗಳಿಗೆ ಮಾತ್ರ ಹೊಸದು ಕೊಡಬಹುದು. ಒಳ್ಳೆಯದೇ. ಆದರೆ ಫ್ಲೋಟಿಂಗ್ ಪೂಲ್‌ನಲ್ಲಿ ಯಾರಿಗೆ ಯಾವ ಮಷೀನ್ ಸಿಗುತ್ತದೆ ಹೇಳಕ್ಕಾಗಲ್ಲ. ನನಗೆ ಮರಿ ಪೂಲೇ ಇಷ್ಟ.

ನನ್ನ ವಾರ ಹೀಗಿರುತ್ತದೆ. ಮೈಕ್ರೋಸಾಫ್ಟ್ ಪ್ಯಾಚ್ ತಿಂಗಳ ಎರಡನೇ ಮಂಗಳವಾರ ಬರುತ್ತದೆ, ನಮಗೆ ಅದು ರಾತ್ರಿ. ಬುಧವಾರ ಗೋಲ್ಡನ್ ಇಮೇಜ್ (ಎಲ್ಲ ಕ್ಲೋನ್‌ಗಳಿಗೂ ಮೂಲವಾದ ಇಮೇಜ್), ಗುರುವಾರ ಶುಕ್ರವಾರ ಮರಿ ಪೂಲ್, ಶನಿವಾರ ಸಂಜೆಗೆ ಶೆಡ್ಯೂಲ್. ಶರಣಬಸವೇಶ್ವರ ಜಾತ್ರೆಗೋ ಉರುಸ್‌ಗೋ ರಜೆ ಸಿಕ್ಕಿತು ಅಂತ ದೊಡ್ಡ ಅಪ್‌ಡೇಟ್ ಅವತ್ತೇ ಇಟ್ಟುಕೊಳ್ಳಬೇಡ. ಏನಾದರೂ ಕೆಟ್ಟರೆ ಫೋನ್ ಎತ್ತಲು ಯಾರೂ ಇರುವುದಿಲ್ಲ. ಕ್ಯಾಶುವಾಲಿಟಿಗೆ ಯಾವಾಗಲೂ ಬೇರೆ ಪೂಲ್, ಅದು ಬೇರೆ ದಿನ. ಮೊದಲ ದೋಷಕ್ಕೇ ಪುಶ್ ನಿಲ್ಲಿಸುವ ಸ್ಟಾಪ್ ಅಟ್ ಫಸ್ಟ್ ಎರರ್ ಟಿಕ್ ತೆಗೆಯಬೇಡ. ನಿನ್ನ ಸ್ಕ್ರೀನ್‌ಶಾಟ್‌ನಲ್ಲಿ ತೆಗೆದಿದ್ದೀಯ, ಯಾಕೆ?

ಡೇಟಾಸ್ಟೋರ್‌ನಲ್ಲಿ, ಅಂದರೆ ಮಷೀನ್‌ಗಳ ಫೈಲ್ ಇರುವ ಸ್ಟೋರೇಜ್‌ನಲ್ಲಿ, ಜಾಗ ನೋಡು. ಪುಶ್ ಮುಗಿಯುವವರೆಗೆ ಹಳೇ ರೆಪ್ಲಿಕಾ (ಕ್ಲೋನ್‌ಗಳು ಹಂಚಿಕೊಂಡು ಓದುವ ಇಮೇಜ್ ಪ್ರತಿ), ಹೊಸ ರೆಪ್ಲಿಕಾ ಎರಡೂ ಇರುತ್ತವೆ. ಹಳೇ ಸ್ನ್ಯಾಪ್‌ಶಾಟ್ ಅಳಿಸಬೇಡ. ಹೊಸದು ಕೈಕೊಟ್ಟರೆ ಹಳೆಯದನ್ನೇ ಮತ್ತೆ ಪುಶ್ ಮಾಡುವುದು, ಅದೇ ನಿನ್ನ ರೋಲ್‌ಬ್ಯಾಕ್. ಅದಕ್ಕೆ ಹೆಸರಿನಲ್ಲಿ ದಿನಾಂಕ ಹಾಕು. "ಫೈನಲ್", "ಫೈನಲ್ 2" ಅಂತೆಲ್ಲ ಸುಮ್ನೆ ಇಡಬೇಡ.

ಗೋಲ್ಡನ್ ಇಮೇಜ್‌ನಲ್ಲಿ ಏಜೆಂಟ್‌ಗಳ ಸರದಿ ಮುಖ್ಯ: ಮೊದಲು ವಿಎಂವೇರ್ ಟೂಲ್ಸ್, ಆಮೇಲೆ ಹೊರೈಜನ್ ಏಜೆಂಟ್, ಆಮೇಲೆ ಡಿಇಎಂ (ಬಳಕೆದಾರರ ಸೆಟ್ಟಿಂಗ್ ನೋಡಿಕೊಳ್ಳುವುದು), ಕೊನೆಗೆ ಆಪ್ ವಾಲ್ಯೂಮ್ಸ್ (ಆಪ್‌ಗಳನ್ನು ಜೋಡಿಸುವುದು). ಆಫ್ ಮಾಡುವ ಮೊದಲು ಐಪಿ ರಿಲೀಸ್ ಮಾಡು. ವಿಂಡೋಸ್ ಅಪ್‌ಡೇಟ್ ಸರ್ವಿಸ್ ಮತ್ತೆ ಡಿಸೇಬಲ್ ಮಾಡಿದೆಯಾ ನೋಡು, ಇಲ್ಲದಿದ್ದರೆ ಪ್ರತಿ ಕ್ಲೋನ್ ತಾನೇ ಅಪ್‌ಡೇಟ್ ಹುಡುಕಲು ಹೋಗುತ್ತದೆ. ಆಂಟಿವೈರಸ್ ಕಂಪನಿಯವರ ವಿಡಿಐ (ವರ್ಚುವಲ್ ಡೆಸ್ಕ್‌ಟಾಪ್) ಸೂಚನೆ ಪೂರ್ತಿ ಓದು. ಅದರ ಗುರುತಿನ ಸಂಖ್ಯೆ ಇಮೇಜ್‌ನಲ್ಲೇ ಉಳಿದರೆ ಕನ್ಸೋಲ್‌ನಲ್ಲಿ ನೂರು ಮಷೀನ್ ಒಂದೇ ಆಗಿ ಕಾಣುತ್ತವೆ. ನೀವಿನ್ನೂ ವಿಂಡೋಸ್ 10ರಲ್ಲೇ ಇದ್ದರೆ, ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಮುಂದಿನ ಇಮೇಜ್ ವಿಂಡೋಸ್ 11ರಲ್ಲೇ ಕಟ್ಟು.

ಕೆಳಗೆ ಇಬ್ಬರು ಸಿಟ್ರಿಕ್ಸ್ ಬಗ್ಗೆ, ಅಂದರೆ ಇದೇ ಕೆಲಸದ ಇನ್ನೊಂದು ಸಾಫ್ಟ್‌ವೇರ್ ಬಗ್ಗೆ, ಕೇಳಿದ್ದಾರೆ. ಅಲ್ಲಿ ಎಂಸಿಎಸ್ (ಇಮೇಜ್‌ನಿಂದ ಮಷೀನ್ ತಯಾರಿಸುವ ವ್ಯವಸ್ಥೆ) ಅಪ್‌ಡೇಟ್ ಅನ್ನು ಮುಂದಿನ ರೀಸ್ಟಾರ್ಟ್‌ಗೆ ಬಿಡಿ, ಮೆಂಟೆನೆನ್ಸ್ ಮೋಡ್ ಹಾಕಿದರೆ ಹೊಸಬರು ಬರುವುದಿಲ್ಲ, ಇರುವವರು ಮುಂದುವರಿಯುತ್ತಾರೆ. ಮೈಕ್ರೋಸಾಫ್ಟ್‌ನ ಅಜೂರ್‌ನಲ್ಲಿ ಇದಕ್ಕೆ ಡ್ರೈನ್ ಮೋಡ್ ಅಂತಾರೆ. ಎರಡರಲ್ಲೂ ಡಿಸ್ಕನೆಕ್ಟೆಡ್ ಸೆಷನ್‌ಗೆ ಸಮಯ ಇಡದಿದ್ದರೆ ಕಾಯುತ್ತಾ ಕೂರಬೇಕಾಗುತ್ತದೆ.

ತಮ್ಮಾ, ಕ್ಯಾನ್ಸಲ್ ಆದಮೇಲೆ ನಿಮ್ಮ ಪೂಲ್‌ನ ಡಿಸ್ಕನೆಕ್ಟ್ ಸೆಟ್ಟಿಂಗ್ ಮತ್ತು ಡೇಟಾಸ್ಟೋರ್‌ನಲ್ಲಿ ಉಳಿದಿರುವ ಜಾಗ ಇಲ್ಲೇ ಹಾಕು. ರಾತ್ರಿ ಒಂಬತ್ತರ ಮೇಲೆ ನಾನು ಬಿಡುವಾಗಿರುತ್ತೇನೆ, ಕೂತು ನೋಡೋಣ.