ಕೈತುತ್ತಿಲ್ಲದೆ ತಿನ್ನದ, ಒಂಟಿಯಾಗಿ ನಿಲ್ಲದ ನಾಯಿ: ಒಂದು ಆಪ್ತಸಲಹೆ ಪ್ರಕರಣ

ನಾಯಿಯ ನಡವಳಿಕೆಯ ಬಗ್ಗೆ ಸಲಹೆ ಕೇಳಿ ಬರುವವರು ಸಾಮಾನ್ಯವಾಗಿ ಎರಡು ದೂರುಗಳನ್ನು ಬೇರೆ ಬೇರೆಯಾಗಿ ಹೇಳುತ್ತಾರೆ. ಸರಿಯಾಗಿ ಊಟ ಮಾಡುವುದಿಲ್ಲ ಎಂಬುದು ಒಂದು. ಬಿಟ್ಟು ಹೋದರೆ ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತದೆ ಎಂಬುದು ಇನ್ನೊಂದು. ಈ ಪ್ರಕರಣದ ದಂಪತಿಯೂ ಹಾಗೆಯೇ ಹೇಳಿದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನಾಯಿಯನ್ನು ಇಲ್ಲಿ ಚುಕ್ಕಿ ಎಂದು ಕರೆಯುತ್ತೇನೆ. ಮೂರು ವರ್ಷದ ಹೆಣ್ಣು, ಮಿಶ್ರತಳಿ, ಮಧ್ಯಮ ಗಾತ್ರ.

ಮರಿಯಾಗಿದ್ದಾಗ ಚುಕ್ಕಿಗೆ ವಾಂತಿಭೇದಿಯಾಗಿ ಕೆಲವು ದಿನ ಆಹಾರ ಸೇರಿರಲಿಲ್ಲ. ಆಗ ಮನೆಯಾಕೆ ನೆಲದ ಮೇಲೆ ಕುಳಿತು ಒಂದೊಂದೇ ತುತ್ತನ್ನು ಕೈಯಲ್ಲಿ ಹಿಡಿದು ತಿನ್ನಿಸಿದರು. ಕಾಯಿಲೆ ವಾಸಿಯಾಯಿತು, ಕೈತುತ್ತು ಉಳಿದುಕೊಂಡಿತು. ಆಕೆ ಆಗ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಇದು ಯಾರಿಗೂ ತೊಂದರೆಯೆನಿಸಲಿಲ್ಲ. ಕಚೇರಿ ಮತ್ತೆ ಕರೆದಾಗ ಎಲ್ಲವೂ ಒಟ್ಟಿಗೆ ಬಿಚ್ಚಿಕೊಂಡಿತು. ಬಾಗಿಲಿನ ಚೌಕಟ್ಟು ಕೆರೆದು ಹೋಯಿತು, ನಡುಮನೆಯಲ್ಲಿ ಮೂತ್ರ ಕಾಣಿಸಿತು, ಪಕ್ಕದ ಮನೆಯವರು ಬೊಗಳಾಟದ ಬಗ್ಗೆ ದೂರು ಕೊಟ್ಟರು. ಪತಿಯ ಅಭಿಪ್ರಾಯ ಖಚಿತವಾಗಿತ್ತು: "ಮುದ್ದು ಮಾಡಿ ಹಾಳಾಗಿದೆ. ಹಸಿವಾದರೆ ತಾನೇ ತಿನ್ನುತ್ತದೆ, ಎರಡು ದಿನ ಬಿಡಿ." ಆಕೆ ತಲೆ ತಗ್ಗಿಸಿದರು. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಪು ಕೊಡಲು ನಾನು ಕುಳಿತಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿದೆ. ಕಾಯಿಲೆ ಬಿದ್ದ ಮರಿಗೆ ಕೈತುತ್ತು ಕೊಟ್ಟು ಬದುಕಿಸಿಕೊಂಡದ್ದು ತಪ್ಪಲ್ಲ, ಅದನ್ನು ತಪ್ಪೆಂದು ಯಾರೂ ಆಕೆಗೆ ಹೇಳಬಾರದು.

ಊಹೆ ಮಾಡುವ ಮುನ್ನ ನೋಡೋಣ ಎಂದು ಒಂದು ಹಳೆಯ ಮೊಬೈಲನ್ನು ಕಪಾಟಿನ ಮೇಲಿಟ್ಟು, ಎಂದಿನಂತೆ ಹೊರಗೆ ಹೋಗಿ ಬರಲು ಹೇಳಿದೆ. ಹಾಗೆ ತೆಗೆದ ವಿಡಿಯೊದಲ್ಲಿ ಎಲ್ಲವೂ ಇತ್ತು. ಆಕೆ ತುಂಬಿದ ಬಟ್ಟಲನ್ನಿಟ್ಟು ಬಾಗಿಲು ಎಳೆದುಕೊಂಡರು. ಚುಕ್ಕಿ ಬಟ್ಟಲಿನತ್ತ ತಿರುಗಿಯೂ ನೋಡಲಿಲ್ಲ. ಬಾಗಿಲ ಕೆಳಗಿನ ಸಂದಿಗೆ ಮೂಗಿಟ್ಟು ನಿಂತಿತು. ಕೆಲವೇ ನಿಮಿಷಗಳಲ್ಲಿ ಏದುಸಿರು, ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಅಲೆದಾಟ, ಆಮೇಲೆ ಊಳು. ಬಾಗಿಲ ಬುಡದ ನೆಲ ಜೊಲ್ಲಿನಿಂದ ಒದ್ದೆಯಾಗಿ ಹೊಳೆಯುತ್ತಿತ್ತು. ಗಂಟೆಗಳ ನಂತರ ಬೀಗ ತೆರೆಯುವ ಸದ್ದು ಕೇಳಿತು. ಕುಣಿದು, ಮೈಮೇಲೆ ಹಾರಿ, ಅಳುವ ದನಿ ಮಾಡಿ, ಕೊನೆಗೆ ಬಟ್ಟಲಿಗೆ ಬಾಯಿ ಹಾಕಿತು. ಬೆಳಗಿನಿಂದ ಒಂದು ಕಾಳೂ ಕದಲದ ಬಟ್ಟಲು ನೋಡನೋಡುತ್ತಲೇ ಖಾಲಿಯಾಯಿತು. ಅದೂ ನಾಲ್ಕು ಸಲ ಅಗಿದು ಒಮ್ಮೆ ಆಕೆಯತ್ತ ತಿರುಗಿ ನೋಡುತ್ತಾ, ಇದ್ದಾರೆಂದು ಖಾತ್ರಿ ಮಾಡಿಕೊಳ್ಳುತ್ತಾ.

ಪತಿ ವಿಡಿಯೊವನ್ನು ಎರಡನೆಯ ಬಾರಿ ನೋಡಿದರು, ಮಾತನಾಡಲಿಲ್ಲ. ಹಟ ಮಾಡುವ ನಾಯಿ ಜೊಲ್ಲು ಸುರಿಸುತ್ತಾ ಬಾಗಿಲಲ್ಲಿ ನಿಲ್ಲುವುದಿಲ್ಲ. ಬೇಸರಗೊಂಡ ನಾಯಿಯಾದರೆ ಚಪ್ಪಲಿಯನ್ನೋ ದಿಂಬನ್ನೋ ಕಿತ್ತುಹಾಕುತ್ತದೆ, ಬಟ್ಟಲಲ್ಲಿದ್ದುದನ್ನು ತಿಂದು ಮಲಗುತ್ತದೆ. ಅಗಲಿಕೆಯ ಆತಂಕವಿರುವ ನಾಯಿಯ ದಾಳಿ ಹೆಚ್ಚಾಗಿ ಹೊರಹೋಗುವ ದಾರಿಗಳ ಮೇಲೆ, ಅಂದರೆ ಬಾಗಿಲು, ಕಿಟಕಿಗಳ ಮೇಲೆ. ಲಕ್ಷಣಗಳು ಸಾಮಾನ್ಯವಾಗಿ ಒಡೆಯರು ಹೋದ ಮೊದಲ ಅರ್ಧ ಗಂಟೆಯೊಳಗೇ ಶುರುವಾಗುತ್ತವೆ. ಇಷ್ಟದ ತಿನಿಸನ್ನೂ ಮುಟ್ಟದಿರುವುದು ಅದರ ಬಲವಾದ ಗುರುತು. ಹೆದರಿದ ದೇಹ ತಿನ್ನುವುದಿಲ್ಲ. ಈ ದಂಪತಿ ಬಟ್ಟಲನ್ನು ಸಮಸ್ಯೆ ಎಂದುಕೊಂಡಿದ್ದರು. ನನಗೆ ಅದು ಜ್ವರ ತೋರಿಸುವ ಥರ್ಮಾಮೀಟರ್‌ನಂತೆ ಕಂಡಿತು.

ಬೈಯುವ ವಿಷಯವೂ ಬಂತು. ಮೂತ್ರ ಮಾಡಿದಾಗ ಗದರಿದರೆ ಕಿವಿ ಹಿಂದಕ್ಕೆ ಮಾಡಿ ಮೂಲೆ ಸೇರುತ್ತದೆ, ತಪ್ಪು ಗೊತ್ತಿದ್ದೇ ಮಾಡುತ್ತದೆ ಎಂದರು ಪತಿ. ನಾಯಿಗಳ ನಡವಳಿಕೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅವರಿಗೆ ವಿವರಿಸಿದೆ. ಮುಟ್ಟಬಾರದೆಂದ ತಿನಿಸನ್ನು ನಾಯಿ ತಿಂದಿದೆಯೋ ಇಲ್ಲವೋ ಎಂಬ ಬಗ್ಗೆ ಅದರಲ್ಲಿ ಒಡೆಯರಿಗೆ ಕೆಲವೊಮ್ಮೆ ಸುಳ್ಳು ಹೇಳಲಾಗಿತ್ತು. ಆ 'ತಪ್ಪಿತಸ್ಥ ಮುಖ' ಹೆಚ್ಚಾಗಿ ಕಂಡದ್ದು ಬೈಸಿಕೊಂಡ ನಾಯಿಗಳಲ್ಲಿ. ತಿಂದಿದ್ದವೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಸಂಬಂಧವಿರಲಿಲ್ಲ. ಚುಕ್ಕಿಯ ಲೆಕ್ಕದಲ್ಲಿ ನಡೆಯುತ್ತಿದ್ದುದು ಇಷ್ಟೇ: ಒಂಟಿತನ ಭಯಾನಕ, ಈಗ ಅವರು ಮರಳಿ ಬರುವುದೂ ಭಯಾನಕ. ಬೈಗುಳ ಅಂದೇ ನಿಲ್ಲಬೇಕು ಎಂದೆ. ಈ ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ಮೊದಲ ಹೆಜ್ಜೆಯಾಗಿ ಪಶುವೈದ್ಯರ ಬಳಿಗೆ ಕಳುಹಿಸಿದೆ. ಊಟ ಬಿಡುವುದಕ್ಕೆ ಹಲ್ಲುನೋವು, ಹೊಟ್ಟೆಯ ತೊಂದರೆ ಕಾರಣವಿರಬಹುದು. ಮನೆಯೊಳಗಿನ ಮೂತ್ರಕ್ಕೆ ಮೂತ್ರನಾಳದ ಸೋಂಕು ಕಾರಣವಿರಬಹುದು. ಇವನ್ನು ತಳ್ಳಿಹಾಕದೆ ನಡವಳಿಕೆಗೆ ಕೈಹಾಕುವುದು ನಾಯಿಗೆ ಮಾಡುವ ಅನ್ಯಾಯ. ಚುಕ್ಕಿಗೆ ಅಂಥದ್ದೇನೂ ಇರಲಿಲ್ಲ. ಆದರೆ ಆಗಾಗ ಬೆಳಗಿನ ಜಾವ ಹಳದಿ ನೊರೆ ಕಾರುತ್ತಿತ್ತು. ಹೊಟ್ಟೆ ದೀರ್ಘಕಾಲ ಖಾಲಿ ಇದ್ದರೆ ಪಿತ್ತದಿಂದ ಹೀಗಾಗುವುದುಂಟು, ಮಲಗುವ ಮುನ್ನ ಸ್ವಲ್ಪ ತಿನ್ನಿಸಿ ಎಂದು ವೈದ್ಯರು ಹೇಳಿದರು. 'ಎರಡು ದಿನ ಉಪವಾಸ ಬಿಡುವ' ಸಲಹೆ ಅಲ್ಲಿಗೇ ಮುಗಿಯಿತು.

ನಂತರ ಊಟ. ದಿನಕ್ಕೆ ಎರಡು ಹೊತ್ತು ನಿಗದಿತ ಸಮಯಕ್ಕೆ ಬಟ್ಟಲು ಇಡುವುದು, ಹದಿನೈದು ಇಪ್ಪತ್ತು ನಿಮಿಷದಲ್ಲಿ ಮಾತಿಲ್ಲದೆ ಎತ್ತಿಬಿಡುವುದು, ನಡುವೆ ಬೇಡಿಕೊಂಡು ಹಿಂದೆ ಹೋಗದಿರುವುದು. ಪ್ರಮಾಣವನ್ನು ಅಳೆದೇ ಹಾಕುವುದು. ತರಬೇತಿಗೆ ಕೊಡುವ ತುಣುಕುಗಳು ದಿನದ ಒಟ್ಟು ಕ್ಯಾಲೊರಿಯ ಹತ್ತನೆಯ ಒಂದು ಭಾಗ ಮೀರಬಾರದು. ಇದನ್ನು ಕೇಳಿ ಆಕೆಗೆ ಆಶ್ಚರ್ಯವಾಯಿತು. ಲೆಕ್ಕ ಹಾಕಿದಾಗ, ಊಟ ಮಾಡಿಲ್ಲವಲ್ಲ ಎಂಬ ಮರುಕಕ್ಕೆ ಕೊಟ್ಟ ಬಿಸ್ಕತ್ತುಗಳಲ್ಲೇ ಚುಕ್ಕಿಯ ಅರ್ಧ ಹೊಟ್ಟೆ ತುಂಬುತ್ತಿತ್ತು. ಆಮಿಷಕ್ಕೆಂದು ಮನೆಯವರ ತಟ್ಟೆಯಿಂದ ಕೊಡುವುದನ್ನೂ ನಿಲ್ಲಿಸಲು ಹೇಳಿದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಜೈಲಿಟಾಲ್ (ಸಕ್ಕರೆಯ ಬದಲು ಬಳಸುವ ಸಿಹಿಕಾರಕ) ಬೆರೆತ ಸಿಹಿಗಳು ನಾಯಿಗೆ ವಿಷ.

ಕೈತುತ್ತನ್ನು ಒಂದೇ ದಿನದಲ್ಲಿ ಕಿತ್ತುಕೊಳ್ಳಲಿಲ್ಲ. ಆಕೆ ಬಟ್ಟಲೊಳಗೇ ಕೈಯಿಟ್ಟು ತಿನ್ನಿಸಿದರು. ಆಮೇಲೆ ಕೈ ಬಟ್ಟಲ ಅಂಚಿನಲ್ಲಿ, ಆಮೇಲೆ ಮಡಿಲಲ್ಲಿ. ಕುಳಿತ ಜಾಗ ಒಂದು ಹೆಜ್ಜೆ ಹಿಂದೆ ಸರಿಯಿತು. ನಂತರ ಬೆನ್ನು ತಿರುಗಿಸಿ ಕುಳಿತದ್ದು, ನಂತರ ಅಡುಗೆಮನೆಯ ಹೊಸ್ತಿಲು, ಕೊನೆಗೆ ಕಣ್ಣಿಗೆ ಕಾಣದ ಕೋಣೆ. ಚುಕ್ಕಿ ತಿನ್ನುತ್ತಿದ್ದರೆ ಅಲ್ಲೇ ಇರಿ, ತಿನ್ನುವುದನ್ನು ಬಿಟ್ಟು ತಲೆಯೆತ್ತಿದರೆ ಒಂದು ಹೆಜ್ಜೆ ಮುಂದಕ್ಕೆ ಬನ್ನಿ ಎಂಬುದೊಂದೇ ನಿಯಮ. ಸಂಜೆಯ ಬಟ್ಟಲನ್ನು ಪತಿಯೇ ಇಡಬೇಕೆಂದು ಕೇಳಿಕೊಂಡೆ. ಅನ್ನವೂ ನೆಮ್ಮದಿಯೂ ಒಬ್ಬರ ಕೈಯಿಂದಲೇ ಬರುವುದಾದರೆ ಆ ಒಬ್ಬರು ಬಾಗಿಲು ದಾಟಿದಾಗ ನಾಯಿಯ ಪಾಲಿಗೆ ಏನೂ ಉಳಿಯುವುದಿಲ್ಲ. ಎರಡು ದೂರುಗಳೂ ಒಂದೇ ಬೇರಿನವು ಎಂದು ನನಗನಿಸಿದ್ದು ಈ ಅರ್ಥದಲ್ಲಿ. ಬಟ್ಟಲಿನಿಂದ ದೂರ ಸರಿದ ಪ್ರತಿ ಹೆಜ್ಜೆಯೂ ಅಗಲಿಕೆಯ ಪಾಠವೇ ಆಗಿತ್ತು, ಹೆದರಿಕೆಯಿಲ್ಲದೆ ಕಲಿಯಬಹುದಾದ ಪಾಠ.

ಇಲ್ಲಿ ಒಂದು ಎಚ್ಚರಿಕೆ. ಹೊರಡುವಾಗ ತಿನಿಸು ತುಂಬಿದ ಆಟಿಕೆ ಕೊಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಬೇಸರದ ನಾಯಿಗೆ ಅದು ಒಳ್ಳೆಯದೇ. ಆಕೆಯೂ ತಿಂಗಳುಗಟ್ಟಲೆ ಹಾಗೆ ಕೊಟ್ಟಿದ್ದರು. ಈಗ ಆ ಆಟಿಕೆಯನ್ನು ಕಂಡರೆ ಚುಕ್ಕಿ ಮೇಜಿನ ಕೆಳಗೆ ಹೋಗಿ ನಡುಗುತ್ತಿತ್ತು, ಏಕೆಂದರೆ ಆಟಿಕೆ ಬಂತೆಂದರೆ ಆಕೆ ಹೋಗುತ್ತಾರೆ ಎಂಬುದು ಅದಕ್ಕೆ ಖಚಿತವಾಗಿತ್ತು. ಆದ್ದರಿಂದ ಆಟಿಕೆಯನ್ನು ಕೆಲವು ವಾರ ಎಲ್ಲರೂ ಮನೆಯಲ್ಲಿರುವ ಹೊತ್ತಿನಲ್ಲಿ ಮಾತ್ರ ಕೊಡಿಸಿದೆ. ಬೀಗದ ಕೈ, ಚೀಲ, ಬೂಟುಗಳಿಗೂ ಅದೇ ಚಿಕಿತ್ಸೆ. ಬೀಗದ ಕೈ ತೆಗೆದುಕೊಂಡು ಕುರ್ಚಿಯಲ್ಲಿ ಕುಳಿತು ಪತ್ರಿಕೆ ಓದಿ, ಬೂಟು ಹಾಕಿಕೊಂಡು ಪಾತ್ರೆ ತೊಳೆಯಿರಿ ಎಂದೆ. ಆ ಸದ್ದುಗಳಿಗೆ ಅರ್ಥವೇ ಇಲ್ಲದಂತಾಗಬೇಕು.

ಬಾಗಿಲಿನ ಅಭ್ಯಾಸ ಅತ್ಯಂತ ನಿಧಾನದ್ದು. ಬಾಗಿಲು ತೆರೆದು ಮುಚ್ಚುವುದು, ಹೊರಗೆ ಕಾಲಿಟ್ಟು ಒಳಬರುವುದು, ಕೆಲವು ಸೆಕೆಂಡು ನಿಲ್ಲುವುದು. ಮೊಬೈಲ್‌ನಲ್ಲಿ ನೋಡುತ್ತಾ ಆತಂಕ ಶುರುವಾಗುವ ಮೊದಲೇ ಮರಳಬೇಕು. ತುಟಿ ನೆಕ್ಕಿಕೊಳ್ಳುವುದು, ನಿದ್ದೆಯಿಲ್ಲದೆ ಆಕಳಿಸುವುದು, ಮುಂಗಾಲು ಎತ್ತುವುದು, ಇವೇ ಮೊದಲ ಸೂಚನೆಗಳು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಅವಧಿ ಏರುತ್ತಲೇ ಹೋಗಬಾರದು, ನಡುನಡುವೆ ಚಿಕ್ಕದೂ ಇರಬೇಕು. ಅಳಲಿ ಬಿಡಿ, ಅತ್ತು ಸುಮ್ಮನಾಗುತ್ತದೆ ಎನ್ನುವವರಿದ್ದಾರೆ. ಇಂಥ ನಾಯಿಗೆ ಅದು ಭಯವನ್ನೇ ಮತ್ತೆ ಮತ್ತೆ ಕಲಿಸಿದಂತೆ.

ಎಲ್ಲಕ್ಕಿಂತ ಕಠಿಣವಾದ ಷರತ್ತು ಬೇರೆಯೇ ಇತ್ತು: ಅಭ್ಯಾಸ ನಡೆಯುವಷ್ಟು ಕಾಲ ಚುಕ್ಕಿ ತಾನು ತಾಳಬಲ್ಲದ್ದಕ್ಕಿಂತ ಹೆಚ್ಚು ಹೊತ್ತು ಒಂಟಿಯಾಗಿ ಇರಬಾರದು. "ನೌಕರಿ ಬಿಡಬೇಕೇ?" ಎಂದು ಆಕೆ ಕೇಳಿದರು, ಕಣ್ಣು ತುಂಬಿತ್ತು. ಬಿಡಬೇಕಿಲ್ಲ. ಕಾಗದ ತೆಗೆದುಕೊಂಡು ವಾರದ ಹಾಳೆ ಬರೆದೆವು. ಆಕೆ ಮನೆಯಿಂದ ಕೆಲಸ ಮಾಡಬಹುದಾದ ದಿನ, ಪತಿಯ ಪಾಳಿ ತಡವಾಗಿ ಶುರುವಾಗುವ ದಿನ, ಆಕೆಯ ತಂಗಿ ಓದಲು ಬಂದು ಕೂರುವ ಮಧ್ಯಾಹ್ನ. ನಾಯಿಗೆ ಮನುಷ್ಯರು ಬೇಕು, ಇಂಥವರೇ ಬೇಕೆಂದೇನಿಲ್ಲ ಎಂಬುದು ಅದೃಷ್ಟವಶಾತ್ ಚುಕ್ಕಿಯ ವಿಷಯದಲ್ಲಿ ನಿಜವಾಯಿತು. ಎಲ್ಲ ನಾಯಿಗಳಿಗೂ ಹಾಗಿರುವುದಿಲ್ಲ. ಪಂಜರದಲ್ಲಿ ಕೂಡಿಹಾಕುವ ಯೋಚನೆಯನ್ನು ಕೈಬಿಡಿಸಿದೆ, ಗಾಬರಿಯಾದ ನಾಯಿ ಸರಳು ಕಚ್ಚಿ ಹಲ್ಲು, ಉಗುರು ಮುರಿದುಕೊಳ್ಳುತ್ತದೆ. ಜೊತೆಗೆ ಇನ್ನೊಂದು ನಾಯಿ ತರುವ ಮಾತಿಗೂ ಒಪ್ಪಲಿಲ್ಲ. ಚುಕ್ಕಿಗಿದ್ದ ಕೊರತೆ ನಾಯಿಯದ್ದಲ್ಲ, ಮನುಷ್ಯರದ್ದು.

ಔಷಧದ ವಿಷಯದಲ್ಲಿ ಆಕೆಗೆ ಅಳುಕಿತ್ತು. ನಾಯಿಗೂ ಮನಸ್ಸಿನ ಮಾತ್ರೆಯೇ ಎಂದು ಸಂಬಂಧಿಕರು ಆಡಿಕೊಂಡಿದ್ದರಂತೆ. ನಾಯಿಗಳ ಅಗಲಿಕೆಯ ಆತಂಕಕ್ಕೆ ಕ್ಲೊಮಿಪ್ರಮಿನ್ 1998ರಲ್ಲೂ ಫ್ಲುಆಕ್ಸೆಟಿನ್ 2007ರಲ್ಲೂ ಅಮೆರಿಕದಲ್ಲಿ ಅನುಮೋದನೆ ಪಡೆದಿವೆ, ಎರಡೂ ತರಬೇತಿಯ ಜೊತೆಗೆ ಬಳಸಲೆಂದೇ. ಇವು ಮಂಪರು ತರಿಸಿ ಮಲಗಿಸುವ ಮದ್ದಲ್ಲ, ಕಲಿಯಲಾಗದಷ್ಟು ಹೆದರಿದ ನಾಯಿಗೆ ಕಲಿಯುವ ಅವಕಾಶ ಕೊಡುತ್ತವೆ. ಪೂರ್ಣ ಪರಿಣಾಮಕ್ಕೆ ವಾರಗಳೇ ಬೇಕು, ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು, ಮನುಷ್ಯರ ಮಾತ್ರೆಯನ್ನು ಅಂದಾಜಿನ ಮೇಲೆ ಕೊಡಲೇಬಾರದು. ಪಶುವೈದ್ಯರು ಚುಕ್ಕಿಗೆ ಫ್ಲುಆಕ್ಸೆಟಿನ್ ಬರೆದುಕೊಟ್ಟು, ಆರಂಭದಲ್ಲಿ ಹಸಿವು ತಗ್ಗಬಹುದೆಂದು ಮುಂಚೆಯೇ ತಿಳಿಸಿದರು. ಊಟದ ಅಭ್ಯಾಸವನ್ನು ಮೊದಲು ಗಟ್ಟಿಮಾಡಿಕೊಂಡದ್ದು ಆಗ ಉಪಯೋಗಕ್ಕೆ ಬಂತು. ಪ್ರತಿದಿನ ಎಷ್ಟು ತಿಂದಿತು ಎಂಬುದನ್ನು ಪತಿ ಪುಸ್ತಕದಲ್ಲಿ ಬರೆದಿಡುತ್ತಿದ್ದುದರಿಂದ, ಬಟ್ಟಲಲ್ಲಿ ಸ್ವಲ್ಪ ಉಳಿದ ಆ ಮೊದಲ ದಿನಗಳಲ್ಲಿ ಯಾರೂ ಗಾಬರಿಯಾಗಿ ಮತ್ತೆ ಕೈತುತ್ತಿಗೆ ಇಳಿಯಲಿಲ್ಲ.

ದಾರಿ ನೇರವಾಗಿರಲಿಲ್ಲ. ಅರ್ಧ ಗಂಟೆ ಮಲಗಿರಲು ಕಲಿತಿದ್ದ ಚುಕ್ಕಿ, ಒಂಟಿಯಾಗಿದ್ದ ಒಂದು ಸಂಜೆ ಗುಡುಗು ಬಂದಾಗ ಮತ್ತೆ ಬಾಗಿಲು ಕೆರೆಯಿತು. ಮರುದಿನ ಫೋನ್ ಮಾಡಿದ ಆಕೆ, ಎಲ್ಲ ನೀರಿನಲ್ಲಿ ಹೋಮವಾಯಿತು ಎಂದರು. ಹಾಗಾಗಿರಲಿಲ್ಲ. ಕೆಲವು ನಿಮಿಷಗಳ ಅಭ್ಯಾಸಕ್ಕೆ ಇಳಿದು ಮತ್ತೆ ಏರಿದಾಗ, ಮೊದಲ ಸಲ ಹಿಡಿದಷ್ಟು ಕಾಲ ಹಿಡಿಯಲಿಲ್ಲ.

ಈಗ ಚುಕ್ಕಿ ಎರಡೂ ಹೊತ್ತು ಬಟ್ಟಲಲ್ಲೇ ತಿನ್ನುತ್ತದೆ, ಯಾರು ಇಟ್ಟರೂ ತಿನ್ನುತ್ತದೆ. ಮೂರು ಗಂಟೆಯವರೆಗೆ ಒಂಟಿಯಾಗಿ ಇರಬಲ್ಲದು. ಪೂರ್ತಿ ದಿನ ಇರಲಾರದು, ವಾರದ ಹಾಳೆ ಇನ್ನೂ ಬೇಕು. ಔಷಧದ ಪ್ರಮಾಣ ತಗ್ಗಿಸುವ ಬಗ್ಗೆ ವೈದ್ಯರೊಂದಿಗೆ ಮಾತುಕತೆ ಶುರುವಾಗಿದೆ. ಕಳೆದ ಭೇಟಿಯಲ್ಲಿ ದಂಪತಿ ಮನೆ ಬದಲಿಸುವ ಯೋಚನೆ ಹೇಳಿದರು. ಹಾಗಾದರೆ ಔಷಧ ತಗ್ಗಿಸುವುದನ್ನು ಮನೆ ಬದಲಾಯಿಸಿ ಒಗ್ಗಿಕೊಂಡ ನಂತರಕ್ಕೆ ಇಟ್ಟುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ ಎಂದೆ. ಹೊಸ ಮನೆಗೆ ಹಳೆಯ ಹಾಸಿಗೆ, ಹಳೆಯ ಬಟ್ಟಲು ಹೋಗಲಿ. ಅಲ್ಲಿ ಬಾಗಿಲಿನ ಅಭ್ಯಾಸ ಮತ್ತೆ ಸೆಕೆಂಡುಗಳಿಂದಲೇ ಶುರುವಾಗಲಿ. ಒಂದು ದಿನವಿಡೀ ಏನನ್ನೂ ತಿನ್ನದಿದ್ದರೆ ನನಗೆ ಫೋನ್ ಮಾಡುವ ಮೊದಲು ಪಶುವೈದ್ಯರಿಗೆ ಮಾಡಿ ಎಂದೂ ಹೇಳಿ ಕಳುಹಿಸಿದ್ದೇನೆ.