ನಾಲ್ವಡಿಯವರ ಜಯಂತಿ ಮತ್ತು ಗಣರಾಜ್ಯವಾದಿ

ರಾಜಪ್ರಭುತ್ವವನ್ನು ಒಪ್ಪದವರು ಜೂನ್ 4ರಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಜಯಂತಿಯನ್ನು ಆಚರಿಸಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಆಚರಿಸಬಹುದು; ಆದರೆ ಸ್ಮರಿಸಬೇಕಾದದ್ದು ಅವರ ಆಡಳಿತವನ್ನೇ ಹೊರತು ಸಿಂಹಾಸನವನ್ನಲ್ಲ. 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿ, ದಿವಾನ್ ವಿಶ್ವೇಶ್ವರಯ್ಯನವರ ಅಸಮ್ಮತಿಯ ನಡುವೆಯೂ ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳ ಬಾಗಿಲು ತೆರೆದ ನಿರ್ಧಾರವನ್ನು ಯಾವ ಪ್ರಜಾಪ್ರಭುತ್ವವಾದಿಯೂ ಮನಸಾರೆ ಮೆಚ್ಚಬಹುದು. ಹಾಗೆಂದು, ಅದೇ ಆಳ್ವಿಕೆಯಲ್ಲಿ, 1938ರ ಏಪ್ರಿಲ್‌ನಲ್ಲಿ, ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ನಡೆದದ್ದನ್ನು ಭಾಷಣದಿಂದ ಕೈಬಿಡುವುದು ಸರಿಯಲ್ಲ (ಹಾರತುರಾಯಿಯ ಭರಾಟೆಯಲ್ಲಿ ಸಾಮಾನ್ಯವಾಗಿ ಮರೆತುಹೋಗುವುದು ಇದೇ). ಅರಸರು ಒಳ್ಳೆಯವರಾಗಿದ್ದರೆಂಬುದು ಪ್ರಜೆಗಳ ಅದೃಷ್ಟವಾಗಿತ್ತು; ಕೆಟ್ಟವರಾಗಿದ್ದರೆ ಅವರನ್ನು ಬದಲಿಸುವ ಅಧಿಕಾರ ಪ್ರಜೆಗಳಿಗೆ ಇರಲಿಲ್ಲ. ವಂಶಸ್ಥರನ್ನು ಅತಿಥಿಗಳಾಗಿ ಕರೆಯಲು ಅಡ್ಡಿಯಿಲ್ಲ, ಆದರೆ ‘ಮಹಾಪ್ರಭು’ ಎಂಬ ಸಂಬೋಧನೆ ಬೇಡ: 1971ರ ಸಂವಿಧಾನ ತಿದ್ದುಪಡಿಯು ರಾಜಧನದೊಂದಿಗೆ (ಮಾಜಿ ಅರಸರಿಗೆ ಸರ್ಕಾರ ಕೊಡುತ್ತಿದ್ದ ವಾರ್ಷಿಕ ಹಣ) ಅರಸರ ಮಾನ್ಯತೆಯನ್ನೂ ರದ್ದುಪಡಿಸಿದೆ.