ಹಳೆಯ ಪತ್ರಿಕಾ ಕಟ್ಟಡ ಆಫೀಸಾದರೆ ಒಳಗೆ ಏನು ಉಳಿಯುತ್ತದೆ?

ಲಂಡನ್ನಿನ ಫ್ಲೀಟ್ ಸ್ಟ್ರೀಟ್‌ನಲ್ಲಿದ್ದ ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಯ ಕಟ್ಟಡ ಆಫೀಸಾಯಿತಲ್ಲ, ಪತ್ರಿಕೆಯದು ಅಂತ ಅಲ್ಲಿ ಏನಾದರೂ ಉಳಿಯಿತಾ, ಇಲ್ಲ ಹೊರಗಿನ ಗೋಡೆ ಮಾತ್ರವಾ ಅಂತ ಕೇಳಿದ್ದೀರಿ. ಗೋಡೆಗಿಂತ ಜಾಸ್ತಿಯೇ ಉಳಿಯಿತು. ಆದರೆ ಆ ಕಟ್ಟಡ ಯಾವುದಕ್ಕಾಗಿ ಹುಟ್ಟಿತೋ ಅದು ಉಳಿಯಲಿಲ್ಲ.

ಕಟ್ಟಡ ಮುಗಿದದ್ದು 1932ರಲ್ಲಿ. ವಾಸ್ತುಶಿಲ್ಪಿಗಳು ಮೊದಲು ಉಕ್ಕಿನ ಚೌಕಟ್ಟಿನ ನಕ್ಷೆ ಹಾಕಿದ್ದರು. ಅದರಲ್ಲಿ ನೆಲಮಾಳಿಗೆಯ ಮುದ್ರಣ ಯಂತ್ರಗಳಿಗೆ ಕಂಬಗಳು ಅಡ್ಡ ಬರುತ್ತಿದ್ದವು. ಆಗ ಓವನ್ ವಿಲಿಯಮ್ಸ್ ಎಂಬ ಎಂಜಿನಿಯರ್ ಬಂದು ಚೌಕಟ್ಟನ್ನೇ ಕಾಂಕ್ರೀಟಿಗೆ ಬದಲಾಯಿಸಿ, ಯಂತ್ರಗಳಿಗೆ ಅಗಲವಾದ ಜಾಗ ಬಿಡಿಸಿಕೊಟ್ಟರು. ಭಾರವನ್ನೆಲ್ಲ ಆ ಚೌಕಟ್ಟೇ ಹೊರುತ್ತದೆ, ಹೊರಗಿನ ಗೋಡೆಗೆ ಹೊರುವ ಕೆಲಸವೇ ಇಲ್ಲ, ಅದಕ್ಕೇ ಮೈತುಂಬ ಕಪ್ಪು ಗಾಜು, ಕಿಟಕಿ ಗಾಜು, ನಡುನಡುವೆ ಹೊಳೆಯುವ ಕ್ರೋಮಿಯಂ ಪಟ್ಟಿ ಹೊದಿಸಲು ಆಯಿತು. ಅಂದರೆ ಬೀದಿಯಿಂದ ಕಾಣುವ ಆ ಚಂದಕ್ಕೂ ಕೆಳಗಿನ ಯಂತ್ರಗಳಿಗೂ ನಂಟಿದೆ, ಅಲ್ವಾ? ಒಂದನ್ನು ಬಿಟ್ಟು ಇನ್ನೊಂದು ಅರ್ಥವಾಗುವುದಿಲ್ಲ.

ಪತ್ರಿಕೆ ಅಲ್ಲಿಂದ ಹೊರಟದ್ದು 1989ರಲ್ಲಿ. ಆಮೇಲೆ ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕು ಅದನ್ನೂ ಹಿಂದೆ ಕಟ್ಟಿದ ಹೊಸ ಆಫೀಸನ್ನೂ ಸೇರಿಸಿ ಹಲವು ವರ್ಷ ಬಳಸಿತು. ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿರುವುದರಿಂದ ಅನುಮತಿ ಇಲ್ಲದೆ ಅದರ ರೂಪ ಬದಲಾಯಿಸುವಂತಿಲ್ಲ. ಹಾಗಾಗಿ ರಾಬರ್ಟ್ ಅಟ್ಕಿನ್ಸನ್ ವಿನ್ಯಾಸ ಮಾಡಿದ ಪ್ರವೇಶಾಂಗಣದ ಗೋಡೆಗಳ ಮೇಲೆ ಎರಿಕ್ ಓಮೋನಿಯೆ ಮಾಡಿದ ಚಿನ್ನ ಬೆಳ್ಳಿ ಬಣ್ಣದ ಉಬ್ಬುಚಿತ್ರಗಳು ಉಳಿದವು. ತುಂಬಾ ಸೊಗಸಾಗಿವೆ. ಫೋಟೊಗಳಲ್ಲಿ ಎಲ್ಲರೂ ತೋರಿಸುವುದೂ ಅವನ್ನೇ.

ನನಗೆ ನಿಜವಾಗಿ ಬೇಸರ ತರುವುದು ಮ್ಯಾಂಚೆಸ್ಟರ್‌ನದು. ಅದೇ ಪತ್ರಿಕೆಗೆ ಅದೇ ಎಂಜಿನಿಯರ್ 1939ರಲ್ಲಿ ಕಟ್ಟಿದ್ದು. ಅಲ್ಲಿ ಯಂತ್ರಗಳು ನೆಲದಡಿ ಇರಲಿಲ್ಲ, ಗಾಜಿನ ಹಿಂದೆ ಬೀದಿಗೇ ಕಾಣುತ್ತಿದ್ದವು. ರಾತ್ರಿ ಆ ದಾರಿಯಲ್ಲಿ ಹೋಗುವ ಯಾರು ಬೇಕಾದರೂ ಸುಮ್ನೆ ನಿಂತು ನಾಳೆಯ ಪೇಪರ್ ಅಚ್ಚಾಗುವುದನ್ನು ನೋಡಬಹುದಿತ್ತು! ಅದೂ 1990ರ ದಶಕದಲ್ಲಿ ಬೇರೆ ಬಳಕೆಗೆ ಬದಲಾಯಿತು. ಗಾಜು ಇದೆ, ದುಂಡು ಮೂಲೆಗಳಿವೆ, ಯಂತ್ರಗಳಿಲ್ಲ.

ಯಂತ್ರಗಳನ್ನು ಅಲ್ಲೇ ಇಟ್ಟುಕೊಳ್ಳಿ ಅನ್ನುತ್ತಿಲ್ಲ, ಬಾಡಿಗೆ ಕೊಡುವವರಿಗೆ ಅದು ಆಗದ ಮಾತು. ಆದರೆ ಇಂಥ ಕಟ್ಟಡ ಬದಲಾಯಿಸುವವರು ಮುದ್ರಣ ನಡೆಯುತ್ತಿದ್ದ ಜಾಗದ ಎತ್ತರವನ್ನಾದರೂ ಹಾಗೇ ಬಿಡಬೇಕು, ನಡುವೆ ಮಹಡಿ ತೂರಿಸಿ ಮೇಜು ಹಾಕಬಾರದು. ನೀವು ಅಂಥ ಕಟ್ಟಡದೊಳಗೆ ಹೋದರೆ ಉಬ್ಬುಚಿತ್ರ ನೋಡಿದ ಮೇಲೆ ಒಂದು ಕಂಬದಿಂದ ಇನ್ನೊಂದಕ್ಕೆ ಹೆಜ್ಜೆ ಹಾಕಿ ನೋಡಿ. ಆ ಅಂತರ ಯಂತ್ರಗಳಿಗೆಂದು ಬಿಟ್ಟದ್ದು.